ಗುರುವಾರ ಹೊರಗೆ ಹೋಗುವ ಕನ್ನಡಕ

ಆ ಅಂಗಡಿಯಲ್ಲಿ ನಂಬರ್ ಇಲ್ಲದ ಕನ್ನಡಕ ಇರುವುದಕ್ಕೆ ಸಾಧ್ಯವೇ ಇರಲಿಲ್ಲ. ಯಾಕೆಂದರೆ ನಂಬರ್ ಕೊಡುವವಳು ಕೌಂಟರಕ್ಕ. ಗಿರಾಕಿ ಫ್ರೇಮ್ ಆರಿಸಿದ ಕೂಡಲೇ ಕಡ್ಡಿಗೆ ದಾರದಿಂದ ಒಂದು ನಂಬರ್ ಕಟ್ಟಿ, ಪುಸ್ತಕದಲ್ಲಿ ಬರೆದು, ಟ್ರೇಯಲ್ಲಿಟ್ಟು ಒಳಗಿನ ಕೋಣೆಗೆ ಕಳಿಸುವುದು ಅವಳ ಕೆಲಸ. ಅವಳ ಕಣ್ಣು ತಪ್ಪಿಸಿ ಒಂದು ಸ್ಕ್ರೂ ಕೂಡ ಆ ಬಾಗಿಲು ದಾಟುವಂತಿರಲಿಲ್ಲ. ಅಂಥದ್ದರಲ್ಲಿ ಒಂದು ಸೋಮವಾರ ಕತ್ತರಿ ಹುಡುಕುತ್ತ ಒಳಗಿನ ಕೋಣೆಯ ಎರಡನೇ ಡ್ರಾಯರ್ ಎಳೆದಾಗ ಮೆತ್ತನೆಯ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕನ್ನಡಕ ಸಿಕ್ಕಿತು. ಕಂದು ಬಣ್ಣದ ಫ್ರೇಮು, ಹೆಂಗಸರದ್ದು. ಎರಡು ಗಾಜುಗಳಲ್ಲಿ ಒಂದು ತೆಳ್ಳಗೆ, ಇನ್ನೊಂದು ದಪ್ಪ. ಕಡ್ಡಿಗೆ ನಂಬರ್ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಡ್ರಾಯರ್ ಮುಚ್ಚಿ ಕತ್ತರಿ ಹುಡುಕುತ್ತಿದ್ದರು. ಕೌಂಟರಕ್ಕ ಹಾಗಲ್ಲ. ಎದುರು ಮನೆಗೆ ಬಂದ ಪಾರ್ಸಲ್‌ನಲ್ಲಿ ಏನಿದೆ ಅಂತ ಗೊತ್ತಾಗುವ ತನಕ ಅವಳಿಗೆ ಊಟ ಸೇರುವುದಿಲ್ಲ. ಇನ್ನೊಬ್ಬರ ವಿಷಯಕ್ಕೆ ಮೂಗು ತೂರಿಸಬೇಡ ಎಂದು ಗಂಡ ಹೇಳಿದರೆ, "ಮೂಗಿನ ಮೇಲೇ ನನ್ನ ಹೊಟ್ಟೆಪಾಡು, ನನ್ನ ಅಂಗಡಿಯೇ ಅದು" ಎನ್ನುವವಳು. ಮಂಗಳವಾರ ನೋಡಿದಳು, ಕನ್ನಡಕ ಅಲ್ಲೇ ಇತ್ತು. ಬುಧವಾರವೂ ಇತ್ತು. ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ನೋಡಿದರೆ ಬಟ್ಟೆ ಸಮೇತ ಮಾಯ. ಎರಡು ಗಂಟೆಗೆ ಮತ್ತೆ ಹಾಜರ್. ಮುಂದಿನ ಗುರುವಾರವೂ ಇದೇ ಕತೆ. ವಾರಕ್ಕೊಮ್ಮೆ ಗಾಳಿ ಸೇವನೆಗೆ ಹೋಗಿ ಬರುವ ಕನ್ನಡಕವನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಕನ್ನಡಕಕ್ಕೆ ಕಾಲಿಲ್ಲವಾದ್ದರಿಂದ ಅದನ್ನು ಕರೆದೊಯ್ಯುವವರು ಯಾರು ಎಂದು ಯೋಚಿಸಬೇಕಾಗಿರಲಿಲ್ಲ. ಒಳಗಿನ ಕೋಣೆಯಲ್ಲಿ ಇದ್ದವನು ಒಬ್ಬನೇ, ಗಾಜಣ್ಣ. ಹದಿನೇಳನೇ ವಯಸ್ಸಿನಿಂದ ಗಾಜು ಅರೆಯುತ್ತ ಬಂದವನು, ಈಗ ಐವತ್ತು ದಾಟಿದೆ. ಚಕ್ರದ ಸದ್ದಿಗೆ ಒಂದು ಕಿವಿ ಮಂದವಾಗಿದೆ, ಬೆರಳ ತುದಿಗಳು ಸವೆದು ನುಣ್ಣಗಾಗಿವೆ. ಮಾತು ಕಡಿಮೆ. ಭಾನುವಾರ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಾನೆ. ಅವನ ಹೆಂಡತಿ ಹೇಳುವ ಪ್ರಕಾರ ಅವನ ಶ್ರುತಿಗೆ ಕ್ಷಮಿಸುವ ಗುಣ ಇರುವ ದೇವರೇ ಬೇಕು.

ಅವನಿಗೆ ಇನ್ನೊಂದು ಹೆಸರಿತ್ತು, ಚೀಟಿಯಣ್ಣ. ಪ್ರತಿಯೊಂದು ಕನ್ನಡಕ ಮುಗಿದ ಮೇಲೂ ಬಿಳಿ ಕಾಗದದ ತುಂಡಿನ ಮೇಲೆ ತನ್ನ ಧರ್ಮಗ್ರಂಥದ ಒಂದು ಸಾಲನ್ನು ದುಂಡಗೆ ಬರೆದು, ಮಡಚಿ, ಡಬ್ಬಿಯಲ್ಲಿ ಕನ್ನಡಕದ ಕೆಳಗೆ ಇಟ್ಟು ಕಳಿಸುತ್ತಿದ್ದ. ಯಾರಿಗೆ ಯಾವ ಸಾಲು ಎನ್ನುವುದನ್ನು ಅವನೇ ಗೋಡೆಯ ಆಚೆಯಿಂದ ಗಿರಾಕಿಯ ದನಿ ಕೇಳಿ ತೀರ್ಮಾನಿಸುತ್ತಿದ್ದ. ಅರ್ಧ ಗಂಟೆ ಚೌಕಾಸಿ ಮಾಡಿದ ವಕೀಲರಿಗೆ ದುರಾಸೆಯ ಬಗ್ಗೆ ಒಂದು ಸಾಲು ಹೋಗಿ, ಅವರು ಡಬ್ಬಿ ಹಿಡಿದುಕೊಂಡು ಕೆಂಡಾಮಂಡಲವಾಗಿ ವಾಪಸ್ ಬಂದದ್ದುಂಟು. ಕೆಲವರು ಓದಿ ನಗುತ್ತಿದ್ದರು, ಕೆಲವರು ಅದರಲ್ಲೇ ಗಾಜು ಒರೆಸುತ್ತಿದ್ದರು, ಒಬ್ಬಿಬ್ಬರು ಕಣ್ಣು ಒರೆಸಿಕೊಂಡದ್ದೂ ಉಂಟು. ಮೂರು ವರ್ಷದಿಂದ ಅಲ್ಲಿದ್ದರೂ ಕೌಂಟರಕ್ಕನಿಗೆ ಮಾತ್ರ ಒಂದೂ ಚೀಟಿ ಸಿಕ್ಕಿರಲಿಲ್ಲ. ಕನ್ನಡಕ ಮಾಡಿಸಿಕೊಂಡವರಿಗಷ್ಟೇ ಚೀಟಿ, ಅವಳು ಮಾಡಿಸಿಕೊಂಡಿರಲಿಲ್ಲ. ನಲವತ್ತನಾಲ್ಕನೇ ವಯಸ್ಸಿಗೆ ಅಕ್ಷರ ಓದಲು ಕಾಗದವನ್ನು ದೂರ ದೂರ ಹಿಡಿದು, ಈಚೆಗೆ ಕೈಯ ಉದ್ದವೇ ಸಾಲದಂತಾಗಿದ್ದರೂ, ತನ್ನ ಕಣ್ಣಿಗೆ ಏನೂ ಆಗಿಲ್ಲ ಎಂಬುದು ಅವಳ ವಾದ.

ಆ ಚೀಟಿಗಳು ನಾಲ್ಕು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ನಿಂತಿದ್ದವು. ಯಾಕೆ ಅಂತ ಕೇಳಿದರೆ ಗಾಜಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಈಗ ಈ ಕನ್ನಡಕ ಬೇರೆ. ಕೌಂಟರಕ್ಕನ ಹೊಟ್ಟೆಯಲ್ಲಿ ಎರಡು ಪ್ರಶ್ನೆಗಳು ಸೇರಿ ಗುದ್ದಾಡತೊಡಗಿದವು. ಮೂರನೇ ಗುರುವಾರ ತಲೆನೋವು ಎಂದು ಅಂಗಡಿಯ ಯಜಮಾನರಿಗೆ ಸುಳ್ಳು ಹೇಳಿ ಅವನ ಬೆನ್ನು ಹತ್ತಿದಳು.

ಅವನು ಎರಡು ಬೀದಿ ದಾಟಿ, ಔಷಧಿ ಅಂಗಡಿಯ ಪಕ್ಕದ ಹಳೆಯ ಕಟ್ಟಡ ಹೊಕ್ಕು ಮೆಟ್ಟಿಲು ಹತ್ತಿದ. ಕಿರಿದಾದ ಮೆಟ್ಟಿಲು, ತಿರುವಿನಲ್ಲಿ ಸಾಕಷ್ಟು ಬೆಳಕಿಲ್ಲ. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಏದುಸಿರು ಬಿಡುತ್ತ ಕೌಂಟರಕ್ಕ ಗೋಡೆಗೆ ಆತುಕೊಂಡು ಇಣುಕಿದಳು. ಕಿಟಕಿಯ ಹತ್ತಿರ ಬಾಗಿಲಿಗೆ ಬೆನ್ನು ಮಾಡಿ ಒಬ್ಬ ಅಜ್ಜಿ ಕೂತಿದ್ದರು, ತೊಡೆಯ ಮೇಲೆ ಒಂದು ಪರದೆಯ ಬಟ್ಟೆ. ಅಂಚು ಮಡಚಿ ಹೊಲಿಯುತ್ತಿದ್ದ ಬೆರಳುಗಳು ಬಟ್ಟೆಯ ಮೇಲೆ ತಡವಿಕೊಂಡು ಹೋಗುತ್ತಿದ್ದವು. ಮೇಜಿನ ಹತ್ತಿರ ಗಾಜಣ್ಣ ಸೂಜಿಗೆ ದಾರ ಪೋಣಿಸುತ್ತಿದ್ದ. ಒಂದಾದ ಮೇಲೆ ಒಂದು. ಬಿಳಿ, ಕಪ್ಪು, ನೀಲಿ. ಪೋಣಿಸಿದ್ದನ್ನು ದಪ್ಪ ಸೂಜಿದಿಂಡಿಗೆ ಚುಚ್ಚಿಡುತ್ತಿದ್ದ. ಆ ಹಳದಿ ಬಟ್ಟೆ ಅವನ ಮೊಣಕೈ ಪಕ್ಕದಲ್ಲಿತ್ತು.

"ಅವನಿಗೆ ಹೇಳು, ಹೋದ ವಾರದ ನೀಲಿ ದಾರ ಗಿಡ್ಡ ಆಯ್ತು ಅಂತ," ಎಂದರು ಅಜ್ಜಿ, ಗೋಡೆಗೆ ಹೇಳಿದಂತೆ.

"ದಾರ ಗಿಡ್ಡ ಆಯ್ತಂತಪ್ಪ," ಎಂದರು ಟೀ ಲೋಟ ಹಿಡಿದುಕೊಂಡು ನಿಂತಿದ್ದ ಇನ್ನೊಬ್ಬ ಅಜ್ಜಿ, ಒಂದು ಮಾರು ದೂರದಲ್ಲಿದ್ದ ಗಾಜಣ್ಣನಿಗೆ. ಅವರ ಕೈ ನಡುಗುತ್ತಿತ್ತು, ಲೋಟ ತಟ್ಟೆಯ ಮೇಲೆ ಗಲಗಲ ಎನ್ನುತ್ತಿತ್ತು.

"ಈ ಸಲ ಒಂದು ಗೇಣು ಜಾಸ್ತಿ ಬಿಡ್ತೀನಿ ಅಜ್ಜಿ," ಎಂದ ಗಾಜಣ್ಣ.

"ಬಿಡ್ತಾನಂತೆ ಅಕ್ಕಾ."

ಕೌಂಟರಕ್ಕ ಬೆಪ್ಪಾಗಿ ಕೆಳಗಿಳಿದಳು. ಇಳಿದವಳು ಮನೆಗೆ ಹೋಗಲಿಲ್ಲ, ಕೊನೆಯ ಮೆಟ್ಟಿಲ ಮೇಲೆ ಕೂತಳು. ಗಾಜಣ್ಣ ಇಳಿದು ಬಂದು ಅವಳನ್ನು ಕಂಡು ನಿಂತ. ತಲೆನೋವಿನವಳು ಇಲ್ಲೇನು ಮಾಡುತ್ತಿದ್ದಾಳೆ ಎಂದು ಕೇಳುವಷ್ಟು ಕೆಟ್ಟವನಲ್ಲ ಅವನು.

"ಕೇಳಿಬಿಡು," ಎಂದು ಪಕ್ಕದಲ್ಲಿ ಕೂತ. "ಹೇಳದೆ ಇದ್ರೆ ನಿನಗೆ ನಿದ್ದೆ ಬರಲ್ಲ."

ಅವನು ಹೇಳಿದ್ದು ಇಷ್ಟು. ಹೊಲಿಗೆ ಅಜ್ಜಿ ಅರವತ್ತು ವರ್ಷ ಬಟ್ಟೆ ಹೊಲಿದವರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ, ಎರಡರ ಪವರಿಗೂ ಅಜಗಜಾಂತರ. ಗಾಜಣ್ಣನ ಟ್ರೇಯಲ್ಲಿ ಎರಡು ಗುಳಿ, ಬಲಗಣ್ಣಿನ ಗಾಜು ಬಲಕ್ಕೆ, ಎಡಗಣ್ಣಿನದು ಎಡಕ್ಕೆ. ಅವರ ಗಾಜು ಅರೆದು ಟ್ರೇಯಲ್ಲಿಟ್ಟಾಗ ಅವನಿಗೆ ಅವರಿಗೆ ಹೇಳಿ ಮಾಡಿಸಿದಂಥ ಸಾಲೊಂದು ಹೊಳೆಯಿತು. ಮರೆತುಹೋಗುವ ಮೊದಲು ಬರೆದುಬಿಡೋಣ ಎಂದು ಕಾಗದಕ್ಕೆ ಜಾಗ ಮಾಡಲು ಟ್ರೇಯನ್ನು ಪಕ್ಕಕ್ಕೆ ತಳ್ಳಿದ. ತಳ್ಳುವಾಗ ಟ್ರೇ ತಿರುಗಿತು. ಬರೆದು ಮುಗಿಸಿ, ಮನಸ್ಸು ತುಂಬಿಕೊಂಡು, ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಕೂರಿಸಿಬಿಟ್ಟ. ಕೊನೆಗೊಮ್ಮೆ ಪವರ್ ಅಳೆಯುವ ಯಂತ್ರಕ್ಕಿಟ್ಟು ನೋಡುವ ಪದ್ಧತಿ ಇತ್ತು. ಅವತ್ತು ನೋಡಲಿಲ್ಲ. ಆರನೇ ದಿನ ಅಜ್ಜಿ ಇದೇ ಮೆಟ್ಟಿಲಿನ ತಿರುವಿನಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು.

"ಚೀಟಿಯಲ್ಲಿ ಏನಿತ್ತು?"

ಗಾಜಣ್ಣ ನೆಲ ನೋಡಿದ. "ನಿನ್ನ ಕಾಲು ಜಾರೋದಕ್ಕೆ ದೇವರು ಬಿಡಲ್ಲ ಅನ್ನೋ ಅರ್ಥದ್ದು."

ಕೌಂಟರಕ್ಕನಿಗೆ ನಗು ಬಂತು. ಆ ನಗುವೇ ಕಣ್ಣಲ್ಲಿ ನೀರಾಯಿತು.

ಅಜ್ಜಿಯ ತಂಗಿ, ಚಿಕ್ಕಜ್ಜಿ, ಆ ಕನ್ನಡಕವನ್ನು ಅಂಗಡಿಗೆ ತಂದಾಗ ಕೌಂಟರಕ್ಕ ಊಟಕ್ಕೆ ಹೋಗಿದ್ದಳು. ಗಾಜಣ್ಣ ಯಂತ್ರಕ್ಕಿಟ್ಟು ನೋಡಿದ, ನೋಡಿ ಅಲ್ಲೇ ಕೂತುಬಿಟ್ಟ. ಗಾಜು ಬದಲಿಸಿ ಕೊಡು, ಬಾಯಿಗೆ ಬೀಗ ಹಾಕು ಎಂದರು ಯಜಮಾನರು. ಬದಲಿಸಿದ್ದೇನೋ ಹೌದು. ಆದರೆ ಅದನ್ನು ತಾನೇ ತೆಗೆದುಕೊಂಡು ಹೋಗಿ ತಪ್ಪು ನನ್ನದು ಎಂದ. ಅಜ್ಜಿ ಕೇಳಿಸಿಕೊಂಡರು. "ಜಾರಲ್ಲ ಅಂತ ಬರೆದು ಕೊಟ್ಟು ಜಾರೋ ಕನ್ನಡಕ ಮಾಡಿದೆಯಾ? ನಿನ್ನ ಕೈಯ ಕನ್ನಡಕ ನನ್ನ ಮೂಗಿಗೆ ಬೇಡ. ಯಾರದ್ದೂ ಬೇಡ. ಬಟ್ಟೆ ನನ್ನ ಬೆರಳಿಗೆ ಗೊತ್ತು," ಎಂದು ಕಿಟಕಿಯ ಕಡೆ ತಿರುಗಿದವರು ಮತ್ತೆ ಈ ಕಡೆ ತಿರುಗಲೇ ಇಲ್ಲ. ಹೊಲಿಯಲು ಬೆರಳು ಸಾಕು, ದಾರ ಪೋಣಿಸಲು ಸಾಲದು. ತಂಗಿಯ ಕೈ ನಡುಗುತ್ತದೆ. ಏನು ಮಾಡಲೂ ತೋಚದೆ ನಿಂತಿದ್ದ ಗಾಜಣ್ಣ ಅವತ್ತು ಚಿಕ್ಕಜ್ಜಿಯ ಕೈಯಿಂದ ಸೂಜಿ ತೆಗೆದುಕೊಂಡ. ಅಂದಿನಿಂದ ಪ್ರತಿ ಗುರುವಾರ ನಲವತ್ತು ಸೂಜಿ, ಒಂದು ವಾರದ ಹೊಲಿಗೆಗೆ ಆಗುವಷ್ಟು.

"ಸರಿ, ಕನ್ನಡಕ ಅಲ್ಲೇ ಬಿಟ್ಟು ಬರೋದು ತಾನೇ? ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರೋದು ಎಂಥ ಚಂದ?"

"ಬಿಟ್ಟು ಬಂದ್ರೆ ಅದು ಚೀಟಿ ತುರುಕಿದ ಹಾಗೇ ಆಗುತ್ತೆ. ಬೇಕು ಅಂತ ಅವರೇ ಕೇಳಬೇಕು. ಕೇಳಿದ ದಿನ ನನ್ನ ಜೇಬಲ್ಲಿ ಇರಬೇಕು, ಅಷ್ಟೇ."

"ಕೇಳದೇ ಇದ್ರೆ?"

"ಸೂಜಿ ಇದೆಯಲ್ಲ," ಎಂದು ಎದ್ದ ಗಾಜಣ್ಣ.

ಇದಾಗಿ ಎರಡು ವಾರಕ್ಕೆ ಗಾಜಣ್ಣನಿಗೆ ಜ್ವರ ಬಂತು. ಬುಧವಾರ ಸಂಜೆ ಹೆಂಡತಿಯ ಫೋನಿನಿಂದ ಕರೆ ಮಾಡಿ, "ನಾಳೆ ನೀನು ಹೋಗ್ತೀಯಾ? ಕನ್ನಡಕ ಮೇಜಿನ ಮೇಲಿಡು. ಅವರಾಗಿ ಕೇಳಿದ್ರೆ ಮಾತ್ರ ಕೊಡು. ಬಿಟ್ಟು ಬರಬೇಡ," ಎಂದ. ಕೌಂಟರಕ್ಕನಿಗೆ ಇದಕ್ಕಿಂತ ಬೇಕಾದ್ದೇನಿತ್ತು! ಗುರುವಾರ ಹನ್ನೆರಡೂವರೆ ಆಗುವ ಮೊದಲೇ ಆ ಮೆಟ್ಟಿಲು ಹತ್ತಿದಳು.

"ಗಾಜಣ್ಣನಿಗೆ ಹುಷಾರಿಲ್ಲ ಅಜ್ಜಿ, ಅವರ ಅಂಗಡಿಯಿಂದ ನಾನು ಬಂದಿದೀನಿ," ಎಂದಳು ಬಾಗಿಲಲ್ಲಿ.

ಕಿಟಕಿಯ ಹತ್ತಿರದ ಬೆನ್ನು ನೆಟ್ಟಗಾಯಿತು. ಹೊಲಿಗೆ ನಿಂತಿತು. "ಅವಳಿಗೆ ಕೂರೋಕೆ ಹೇಳು," ಎಂದರು ಅಜ್ಜಿ ತಂಗಿಗೆ.

ಕೂತಳು. ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟು ಮೊದಲ ಸೂಜಿ ಹಿಡಿದಳು. ಸೂಜಿಯ ಕಣ್ಣು ಇರಬೇಕಾದ ಕಡೆ ಒಂದು ಮಸುಕು. ದೂರ ಹಿಡಿದರೆ ದಾರ ಮುಟ್ಟುವುದಿಲ್ಲ, ಹತ್ತಿರ ಹಿಡಿದರೆ ಸೂಜಿ ಎರಡಾಗುತ್ತದೆ. ದಾರದ ತುದಿ ನೆಕ್ಕಿದಳು, ಕತ್ತರಿಸಿದಳು, ಮತ್ತೆ ನೆಕ್ಕಿದಳು. ಹೊತ್ತು ಹೋಗಲಿ ಎಂದು ಬಾಯಿ ಮಾತ್ರ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ಜೇಬಿನಲ್ಲಿದ್ದ ಅಂಗಡಿಯ ಫೋನ್ ಬಡಿದುಕೊಂಡಿತು. ಯಾರೋ ಗಿರಾಕಿ, ಮೊನ್ನೆ ಒಯ್ದ ಕನ್ನಡಕ ಕಣ್ಣು ನೋಯಿಸುತ್ತಿದೆಯಂತೆ. ದಿನಕ್ಕೆ ಹತ್ತು ಸಲ ಹೇಳುವ ಮಾತು, ಯೋಚನೆಯೇ ಬೇಕಿಲ್ಲ, ನಾಲಿಗೆಗೆ ಬಾಯಿಪಾಠ. "ಹೊಸ ಕನ್ನಡಕ ಅಲ್ವಾ ಅಮ್ಮ, ಹಾಗೇ ಆಗುತ್ತೆ. ನಾಲ್ಕು ದಿನ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ," ಎಂದು ಫೋನ್ ಇಟ್ಟಳು.

"ಇದೇ ದನಿ, ಇದೇ ಮಾತು," ಎಂದರು ಅಜ್ಜಿ. ಈ ಸಲ ತಂಗಿಗಲ್ಲ, ಗೋಡೆಗೂ ಅಲ್ಲ. "ನಾನು ಎರಡನೇ ದಿನ ಫೋನ್ ಮಾಡಿದ್ದೆ. ತಲೆ ಸುತ್ತುತ್ತೆ, ಮೆಟ್ಟಿಲು ಓರೆ ಕಾಣುತ್ತೆ ಅಂದೆ. ನಾಲ್ಕು ದಿನ ಅಂದೆ ನೀನು. ನಾಲ್ಕು ದಿನ ಹಾಕ್ಕೊಂಡೆ."

ಕೌಂಟರಕ್ಕ ಮನಸ್ಸಿನಲ್ಲೇ ಎಣಿಸಿದಳು. ಎರಡನೇ ದಿನ, ಇನ್ನು ನಾಲ್ಕು ದಿನ, ಆರನೇ ದಿನ ಬಿದ್ದದ್ದು. ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಆ ಫೋನು ಅವಳಿಗೆ ನೆನಪೇ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಇರಿಯಿತು.

"ಗಾಜಣ್ಣನಿಗೆ ಇದು ಗೊತ್ತಾ?"

"ಮೊದಲ ದಿನವೇ ಹೇಳಿದೆ, ನಿಮ್ಮ ಅಂಗಡಿಯ ಹೆಂಗಸೇ ಹಾಕ್ಕೋ ಅಂದಳು ಅಂತ. ಅವಳ ತಪ್ಪಲ್ಲ, ಗಾಜು ಕೂರಿಸಿದವನು ನಾನು ಅಂದ. ಅವನು ಹೇಳಲಿಲ್ಲವಾ ನಿನಗೆ?"

ಹೇಳಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಇಷ್ಟೆಲ್ಲ ಬಿಚ್ಚಿಟ್ಟವನು ಅದೊಂದನ್ನು ಮಾತ್ರ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಊರವರ ಗುಟ್ಟೆಲ್ಲ ಕೆದಕಿ ತೆಗೆಯುವವಳ ಗುಟ್ಟನ್ನು ನಾಲ್ಕು ತಿಂಗಳಿಂದ ಒಬ್ಬ ಮುಚ್ಚಿ ಕಾಪಾಡಿದ್ದ, ಅದೂ ಅವಳಿಗೇ ಗೊತ್ತಿಲ್ಲದಂತೆ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಯಾಕೋ, ತನ್ನನ್ನು ಯಾರೋ ತುಂಬ ದಿನದಿಂದ ಪ್ರೀತಿಯಿಂದ ನೋಡಿಕೊಂಡಿದ್ದಾರೆ ಎನಿಸಿ ಅಳು ಬಂತು.

"ತಪ್ಪಾಯ್ತು ಅಜ್ಜಿ," ಎಂದಳು. "ನಾನು ನಿಮ್ಮ ಮಾತು ಕೇಳಿಸಿಕೊಳ್ಳಲೇ ಇಲ್ಲ. ಬಾಯಿಗೆ ಬಂದದ್ದು ಹೇಳಿದೆ."

ಕೌಂಟರಕ್ಕ ಬಗ್ಗಿ ನೆಲ ತಡಕಿ ಸೂಜಿ ಹುಡುಕಿ, ಮೂಗು ಸುರಿಸಿಕೊಂಡು ಮತ್ತೆ ಪೋಣಿಸಲು ಹೊರಟಳು. ಮೊದಲೇ ಕಾಣದ ಕಣ್ಣು, ಈಗ ನೀರು ಬೇರೆ. ಹತ್ತು ನಿಮಿಷವಾಯಿತು. ದಿಂಡಿನಲ್ಲಿ ಒಂದೂ ಸೂಜಿ ಇಲ್ಲ.

"ಎಷ್ಟಾಯ್ತು?"

"ಒಂದು... ಆಗ್ತಾ ಇದೆ ಅಜ್ಜಿ."

"ಕನ್ನಡಕದ ಅಂಗಡಿಯವಳು," ಎಂದರು ಅಜ್ಜಿ, "ನಿನಗೇ ಕನ್ನಡಕ ಬೇಕಲ್ಲೇ!" ಬೆನ್ನು ಅಲುಗಿತು. ಅಜ್ಜಿ ನಗುತ್ತಿದ್ದರು. ಚಿಕ್ಕಜ್ಜಿಯೂ ನಕ್ಕರು, ಲೋಟ ಗಲಗಲ ಎಂದಿತು. ಸೂಜಿ ಹಿಡಿದೇ ಕೌಂಟರಕ್ಕ ಅಳುತ್ತ ನಕ್ಕಳು. ಆಮೇಲೆ ಅಜ್ಜಿ ಕುರ್ಚಿಯನ್ನು ಕರಕರ ಎಂದು ತಿರುಗಿಸಿ, ಮೇಜಿನ ಕಡೆ ಕೈ ಚಾಚಿದರು.

"ಕೊಡು ಇತ್ತ ಅದನ್ನ."

"ಸೂಜಿನಾ?"

"ಕನ್ನಡಕ. ನಿನ್ನ ಕೈಲಿ ಆಗಲ್ಲ, ನಾನೇ ಪೋಣಿಸ್ತೀನಿ."

ಕೌಂಟರಕ್ಕ ಹಳದಿ ಬಟ್ಟೆ ಬಿಚ್ಚಿ ಕೊಟ್ಟಳು. ಅಜ್ಜಿ ಕಡ್ಡಿ ಬಿಡಿಸಿ, ಕಿವಿಯ ಹಿಂದೆ ಕೂರಿಸಿ, ಸೂಜಿ ತೆಗೆದುಕೊಂಡರು. ದಾರ ಒಂದೇ ಸಲಕ್ಕೆ ಹೋಯಿತು. ಅವರು ಸೂಜಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು, ಆಮೇಲೆ ಕಿಟಕಿಯ ಆಚೆ ನೋಡಿದರು, ಆಮೇಲೆ ತಂಗಿಯ ಮುಖ ನೋಡಿ, "ಏನೇ ಇದು, ಇಷ್ಟು ಸೊರಗಿದೀಯ," ಎಂದರು. ಕೌಂಟರಕ್ಕ ಎದ್ದಾಗ, "ಇದು ಇಲ್ಲೇ ಇರಲಿ. ಅವನಿಗೆ ಹೇಳಬೇಡ," ಎಂದರು.

ಹೊಟ್ಟೆಯೊಳಗೆ ಮಾತು ನಿಲ್ಲದವಳಿಗೆ ಇಂಥ ಶಿಕ್ಷೆ! ಶನಿವಾರ ಗಾಜಣ್ಣ ಕೆಲಸಕ್ಕೆ ಬಂದವನೇ ಡ್ರಾಯರ್ ಎಳೆದ.

"ಎಲ್ಲಿ?"

"ಮರೆತು... ಅಲ್ಲೇ ಬಿಟ್ಟುಬಂದೆ."

ಗಾಜಣ್ಣ ಸಿಟ್ಟಾದದ್ದನ್ನು ಅವಳು ನೋಡಿದ್ದು ಅದೊಂದೇ ಸಲ. "ಬಿಟ್ಟು ಬರಬೇಡ ಅಂತ ಹೇಳಿದ್ದೆನಲ್ಲ! ಇಷ್ಟು ದಿನ ಕಾದದ್ದೆಲ್ಲ ನೀರಲ್ಲಿ ಹೋಮ," ಎಂದು ಚಕ್ರ ಹಾಕಿದ. ಐದು ದಿನ ಮಾತಾಡಲಿಲ್ಲ. ಫೋನಿನ ವಿಷಯ ಅವಳ ನಾಲಿಗೆಯ ತುದಿಗೆ ಬಂದು ಬಂದು ಹೋಯಿತು. ಮುಂದಿನ ಗುರುವಾರ ಅವನು ಹೊರಟಾಗ ಕೇಳದೆಯೇ ಜೊತೆಗೆ ಹೊರಟಳು.

ಬಾಗಿಲು ತೆರೆದಿತ್ತು. ಅಜ್ಜಿ ಯಾವಾಗಿನಂತೆ ಕಿಟಕಿಯ ಕಡೆ ಮುಖ ಮಾಡಿದ್ದರು. ಗಾಜಣ್ಣ ಮೇಜಿನ ಹತ್ತಿರ ಕೂತು ಸೂಜಿದಿಂಡು ಎಳೆದುಕೊಂಡ. ಕೈ ಅಲ್ಲೇ ನಿಂತಿತು. ದಿಂಡಿನ ತುಂಬ ಸೂಜಿ, ನಲವತ್ತೂ. ಎಲ್ಲಕ್ಕೂ ದಾರ, ಎಲ್ಲವೂ ಒಂದು ಗೇಣು ಜಾಸ್ತಿ. ಅವನು ಚಿಕ್ಕಜ್ಜಿಯ ನಡುಗುವ ಕೈ ನೋಡಿದ, ಕೌಂಟರಕ್ಕನನ್ನು ನೋಡಿದ. ಕುರ್ಚಿ ಕರಕರ ಎಂದಿತು.

ಅಜ್ಜಿ ಕಂದು ಫ್ರೇಮಿನೊಳಗಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾವನೋ ಹುಡುಗ ಅಂದ್ಕೊಂಡಿದ್ದೆ," ಎಂದರು. "ತಲೆಯೆಲ್ಲ ಬೆಳ್ಳಗಾಗಿದೆ. ವಾರ ವಾರ ಮೂರು ಮಹಡಿ ಹತ್ತೋ ವಯಸ್ಸಾ ಇದು?"

ಗಾಜಣ್ಣ ಕನ್ನಡಕದ ಎರಡು ಗಾಜುಗಳನ್ನೇ ನೋಡುತ್ತಿದ್ದ, ಬಲ, ಎಡ, ಬಲ, ಎಡ. ಅಜ್ಜಿ ಹೊಲಿಗೆ ಡಬ್ಬಿಯ ತಳದಿಂದ ಮಡಚಿದ ಬಿಳಿ ಕಾಗದ ತೆಗೆದು ಬಿಡಿಸಿ, ನಿಧಾನವಾಗಿ, ಗಟ್ಟಿಯಾಗಿ, ಕೊನೆಯವರೆಗೂ ಓದಿದರು.

"ಅವತ್ತು ಇದನ್ನು ನಾನು ಓದಿರಲೇ ಇಲ್ಲ. ನಿನ್ನ ಕನ್ನಡಕದಲ್ಲಿ ಅಕ್ಷರವೇ ಕಾಣ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಓದಿ ಹೇಳಿದಳು. ಹರಿದು ಹಾಕೋಣ ಅಂತ ಇಟ್ಟುಕೊಂಡೆ. ಈಗ ಕೇಳ್ತೀನಿ, ಹೇಳು. ಸುಮ್ಮನಿರು ಅಂತ ನಿಮ್ಮ ಯಜಮಾನ ಹೇಳಿರ್ತಾನೆ. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಆದರೂ ಯಾಕೆ ಬಂದೆ?"

ಗಾಜಣ್ಣ ಸೂಜಿದಿಂಡನ್ನು ಕೆಳಗಿಟ್ಟ. "ಭಾನುವಾರ ಎಲ್ಲರ ಜೊತೆ ನಿಂತು ತಪ್ಪಾಯ್ತು ಅಂತ ದೇವರಿಗೆ ಹೇಳ್ತೀನಿ ಅಜ್ಜಿ. ಹೇಳೋದು ಸುಲಭ. ಅವನು ಯಾವತ್ತೂ ನನಗೆ ಬೆನ್ನು ಮಾಡಿಲ್ಲ, ಅದಕ್ಕೆ. ನೀವು ಬೆನ್ನು ಮಾಡಿದ್ರಿ ಅಂತ ನಾನು ಬರೋದು ಬಿಟ್ಟರೆ, ಅವನಿಂದ ನಾನು ಕಲಿತದ್ದೇನು?"

ಕೆಳಗೆ ಯಾರದೋ ಗಾಡಿ ಹಾರ್ನ್ ಹಾಕಿ ಹೋಯಿತು.

"ಹೂಂ," ಎಂದರು ಅಜ್ಜಿ, ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಚುತ್ತ. "ಅವನ ವಿಷಯ ಮುಂದಿನ ಗುರುವಾರ ಸರಿಯಾಗಿ ಹೇಳು. ಈಗ ಟೀ ಆರ್ತಾ ಇದೆ." ಗಾಜಣ್ಣನ ಕೈಗೆ ಲೋಟ ಕೊಟ್ಟದ್ದು ಚಿಕ್ಕಜ್ಜಿಯಲ್ಲ, ಅಜ್ಜಿಯೇ.

ಮೆಟ್ಟಿಲು ಇಳಿಯುವಾಗ, ಅವರು ಬಿದ್ದ ಅದೇ ತಿರುವಿನಲ್ಲಿ ಕೌಂಟರಕ್ಕ ನಿಂತಳು. "ಆ ಫೋನು ತೆಗೆದವಳು ನಾನು. ನಿನಗೆ ಗೊತ್ತಿತ್ತು."

"ಹೌದು."

"ಯಾಕೆ ಹೇಳಲಿಲ್ಲ?"

"ನೀನು ದಿನಾ ನಗ್ತಾ ಕೆಲಸಕ್ಕೆ ಬರ್ತಿದ್ದೆ," ಎಂದ ಗಾಜಣ್ಣ. "ಅದನ್ನು ಕಸಿದುಕೊಂಡು ನನಗೇನು ಆಗಬೇಕಿತ್ತು?"

ಆ ಶುಕ್ರವಾರ ಪುಸ್ತಕದಲ್ಲಿ ಒಂದು ಹೊಸ ನಂಬರ್ ಸೇರಿತು, ಕೌಂಟರಕ್ಕನದು. ಓದುವ ಕನ್ನಡಕ. ಶನಿವಾರ ಯಾರಿಗೋ ತಲೆ ಸುತ್ತುತ್ತದಂತೆ ಎಂದು ಫೋನ್ ಬಂದಾಗ, "ಯಾವ ಕಣ್ಣು? ಮೆಟ್ಟಿಲು ಹೇಗೆ ಕಾಣುತ್ತೆ? ಇವತ್ತೇ ತನ್ನಿ, ನೋಡ್ತೀವಿ," ಎಂದಳು. ಸೋಮವಾರ ಒಳಗಿನ ಕೋಣೆಯಿಂದ ಅವಳ ಡಬ್ಬಿ ಬಂತು. ಕನ್ನಡಕ ಮೂಗಿಗೇರಿಸಿದಳು. ಪುಸ್ತಕದ ಅಕ್ಷರಗಳು ಎದ್ದು ನಿಂತವು. ಡಬ್ಬಿಯನ್ನು ತಲೆಕೆಳಗು ಮಾಡಿ ಕೊಡವಿದಳು. ಒಳಗಿನ ಬಟ್ಟೆಯ ಕೆಳಗೂ ಬೆರಳು ಹಾಕಿ ನೋಡಿದಳು. ಏನೂ ಇಲ್ಲ. ನೆಟ್ಟಗೆ ಒಳಗೆ ಹೋದಳು.

"ನನ್ನ ಚೀಟಿ ಎಲ್ಲಿ?"

ಚಕ್ರದ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಅವಳೇ ಚಕ್ರ ನಿಲ್ಲಿಸಿದಳು.

"ಆ ವಕೀಲನಿಗೂ ಕೊಟ್ಟೆ, ಕಂಡ ಕಂಡವರಿಗೆಲ್ಲ ಕೊಟ್ಟೆ. ಮೂರು ವರ್ಷ ಪಕ್ಕದಲ್ಲಿದ್ದವಳಿಗೆ ಒಂದೂ ಇಲ್ಲವಾ?"

"ನೀನು ಯಾವತ್ತೂ ಕೇಳಲಿಲ್ಲ."

"ಈಗ ಕೇಳ್ತಾ ಇದೀನಿ."

ಗಾಜಣ್ಣ ಬಿಳಿ ಕಾಗದದ ಕಟ್ಟಿಗೆ ಕೈ ಹಾಕಿದ. ಹಾಕಿದವನು ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದು, ಅವಳ ಮುಂದೆ ಚಾಚಿದ. ಅವಳು ಕನ್ನಡಕ ಬಿಚ್ಚಿ ಕೊಟ್ಟಳು. ಅವನು ಅದನ್ನು ಯಂತ್ರಕ್ಕಿಟ್ಟು ಬಲಗಣ್ಣಿನ ಗಾಜು ನೋಡಿದ, ಎಡಗಣ್ಣಿನದು ನೋಡಿದ, ಅವಳೇ ಬರೆದಿದ್ದ ಆರ್ಡರಿನ ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದ. ಬಟ್ಟೆಯಿಂದ ಒರೆಸಿ ಅವಳ ಕೈಗೆ ವಾಪಸ್ ಕೊಟ್ಟ. ಆಮೇಲೆ ಟ್ರೇಯನ್ನು ತಳ್ಳದೆ, ಎತ್ತಿ ಕಪಾಟಿನ ಮೇಲಿಟ್ಟು, ಬರೆಯಲು ಕೂತ.